ಅತ್ತೆಯ ಕಣ್ಣಿಗೆ ಬಿದ್ದ ಪ್ರೊಫೆಸರು

ಕುಮಾಸಿ ಪಟ್ಟಣದ ಕಾಲೇಜೊಂದರಲ್ಲಿ ಪ್ರೊಫೆಸರ್ ಅಮಾಂಕ್ವಾ ಅವರ ಪಾಠವೆಂದರೆ ಹುಡುಗರು ಕಿಟಕಿಗೂ ಜೋತುಬೀಳುತ್ತಿದ್ದರು. "ಬಿಳಿಯರು ಬರೀ ಬಂದೂಕಿನಿಂದ ನಮ್ಮನ್ನ ಆಳಲಿಲ್ಲ! ನಮ್ಮನ್ನ ನೋಡಿದರು, ತಿಳ್ಕೊಂಡರು, ನೀವು ಇಂಥೋರು ಅಂತ ಬರೆದಿಟ್ಟರು. ತಿಳಿದವನೇ ಒಡೆಯ!" ಎಂದು ಮೇಜು ಗುದ್ದಿದರೆ ಚಪ್ಪಾಳೆಯೋ ಚಪ್ಪಾಳೆ. ಮನೆಯಲ್ಲಿ ಮಾತ್ರ ಅವರನ್ನೇ ಒಬ್ಬರು ನೋಡುತ್ತಿದ್ದರು. ಹಳ್ಳಿಯಿಂದ ಬಂದಿಳಿದ ಅತ್ತೆ, ಮಾಮೆ ಕೊನಾಡು.

"ದುಫಿ, ನಿಮ್ಮಮ್ಮ ಅಂಗಳದಲ್ಲಿ ಸ್ಟೂಲ್ ಹಾಕ್ಕೊಂಡು ನನ್ನನ್ನೇ ನೋಡ್ತಾರೆ ಕಣೇ. ಥೇಟ್ ಗವರ್ನರ್ ಥರ!"

"ಇನ್ನೇನ್ ನೋಡ್ಬೇಕು? ಟೀವಿ ರಿಮೋಟ್ ನಿಮ್ಮ ಜೇಬಲ್ಲಿರತ್ತಲ್ಲ!" ಎಂದಳು ಹೆಂಡತಿ.

ಭಾನುವಾರ ವಿದ್ಯಾರ್ಥಿಗಳನ್ನು ಊಟಕ್ಕೆ ಕರೆದಿದ್ದರು. ಬೆಳಗ್ಗೆಯೇ ಅತ್ತೆ ಮೆಲ್ಲಗೆ ಬಾಯಿಬಿಟ್ಟರು. "ಅಳಿಯಂದ್ರೇ, ನೀವು ಫುಫು ಅಗೀತೀರಿ."

ಪ್ರೊಫೆಸರರು ಗಾಬರಿಯಿಂದ ಅತ್ತಿತ್ತ ನೋಡಿದರು. ಮರಗೆಣಸು, ಬಾಳೆಕಾಯಿ ಬೇಯಿಸಿ ಕುಟ್ಟಿದ ಫುಫುವನ್ನು ಸಾರಲ್ಲಿ ಅದ್ದಿ ಗುಳುಂ ಎನ್ನಿಸಬೇಕು. ಅಗಿಯುವವರು ಹಲ್ಲು ಬರುತ್ತಿರುವ ಕೂಸುಗಳು, ಇಲ್ಲವೇ ಪ್ರವಾಸಕ್ಕೆ ಬಂದ ಬಿಳಿಯರು. ಲಂಡನ್ನಿನಲ್ಲಿ ಓದುವಾಗ ಅಂಟಿದ ಈ ಚಟವನ್ನು ಅವರು (ಕರವಸ್ತ್ರ ಅಡ್ಡ ಹಿಡಿದು, ಕೆಮ್ಮಿದಂತೆ ನಟಿಸಿ) ಮುಚ್ಚಿಟ್ಟುಕೊಂಡು ಬಂದಿದ್ದರು. ಶಿಷ್ಯರಿಗೆ ತಿಳಿದರೆ ಮಾನ ಉಳಿದೀತೇ?

"ಅತ್ತೇ, ಯಾರಿಗೂ ಹೇಳ್ಬೇಡಿ!"

"ನಾನ್ಯಾಕೆ ಹೇಳ್ಲಿ? ಬಾಯಿ ನೋಯ್ಸ್ಕೊಳ್ಳೋಕಾ? ಇವತ್ತು ರಟ್ಟೆ ಬೇರೆ ನೋಯ್ತಿದೆ. ಅಷ್ಟು ಜನಕ್ಕೆ ಫುಫು ಯಾರು ಕುಟ್ತಾರೋ..."

ಮರುಗಳಿಗೆಯಲ್ಲಿ ವಸಾಹತೋತ್ತರ ಚಿಂತನೆಯ ಮಹಾಮೇರು ಬನಿಯನ್ನಿನಲ್ಲಿ ಒನಕೆ ಎತ್ತಿ ನಿಂತಿತ್ತು. ಒರಳಿನ ಬಳಿ ಕೂತ ಅತ್ತೆ ಮುದ್ದೆ ತಿರುವುತ್ತಾ, "ಗಂಟಿದೆ, ಕುಟ್ಟಿ" ಎನ್ನುವುದು, ಇವರು ಕುಟ್ಟುವುದು. ನಡುವೆ ರಿಮೋಟೂ ಕೈ ಬದಲಾಯಿಸಿತು. ಬಂದ ವಿದ್ಯಾರ್ಥಿಗಳು ಈ ದೃಶ್ಯವನ್ನು ಬಾಯಿಬಿಟ್ಟುಕೊಂಡು ನೋಡಿದರು.

ಊಟಕ್ಕೆ ಕೂತಾಗ ಎಲ್ಲರ ಕಣ್ಣೂ ತಮ್ಮ ದವಡೆಯ ಮೇಲೇ ಇದ್ದಂತೆ ಪ್ರೊಫೆಸರರಿಗೆ ಅನ್ನಿಸಿತು. ದೇವರನ್ನು ನೆನೆದು ದೊಡ್ಡ ತುತ್ತೊಂದನ್ನು ಇಡಿಯಾಗಿ ನುಂಗಿದರು. ಅದು ಗಂಟಲಲ್ಲೇ ಧರಣಿ ಕೂತಿತು. ಕಣ್ಣು ಮೇಲೆ ಸಿಕ್ಕಿಕೊಂಡವು. ವಿದ್ಯಾರ್ಥಿನಿ ಸೆರ್ವಾ ಓಡಿಬಂದು ಬೆನ್ನಿಗೆ ಗುದ್ದಿದಳು.

"ಅಗಿದೇ ತಿನ್ನಿ ಸರ್! ನಮಗೆಲ್ಲಾ ಗೊತ್ತು. ಕ್ಯಾಂಟೀನಲ್ಲಿ ಎಷ್ಟ್ ಸಲ ನೋಡಿಲ್ಲ!"

"ನಂಗೆ ಮದ್ವೆ ದಿನವೇ ಗೊತ್ತಾಯ್ತು," ಎಂದಳು ದುಫಿ, ನೀರು ಕೊಡುತ್ತಾ.

ಪ್ರೊಫೆಸರರು ಬೊಬ್ಬೆ ಎದ್ದ ಅಂಗೈಯನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದರು.

"ಎಲ್ಲರಿಗೂ ಗೊತ್ತಿದ್ರೆ ನಾನ್ಯಾಕೆ ಕುಟ್ಟಿದೆ ಅತ್ತೆ?"

"ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ರಲ್ಲ, ಅದಕ್ಕೆ." ಅತ್ತೆ ಹದವಾದ ತುತ್ತೊಂದನ್ನು ಗುಳುಂ ಎನ್ನಿಸಿದರು. "ಅದ್ಸರಿ, ಫುಫು ಬೆಣ್ಣೆ ಹಾಗಾಗಿದೆ. ನಾಳೇನೂ ನೀವೇ ಕುಟ್ಟಿ."