ನಿಗಮದ ಪರವಾಗಿ ನಿರುತ್ಸಾಹ

"ಎಲ್ಲಿ ಕಳೀತು ಅಂತ ಕೇಳಿದ್ರ ಏನ್ ಹೇಳ್ಲಿರಿ ಮೇಡಂ? ಕೋಟನೂರನಾಗ ಬಸ್ ಹತ್ತಿದಾಗ ಇತ್ತು. ಜಗತ್ ಸರ್ಕಲ್ದಾಗ ಟ್ರಾಫಿಕ್ಕಿನಾಗ ನಿಂತಾಗ್ನೂ ಇತ್ತು. ಕಮಲಾಪುರದಾಗ ಇಳದು ನೋಡ್ತೀನಿ, ಇಲ್ಲ!"

ಬಿತ್ತನೆ ಬೀಜ ತಪಾಸಣಾ ನಿಗಮದ ಕಮಲಾಪುರ ಶಾಖೆಯ ಗುಮಾಸ್ತ ದೌಲಪ್ಪ ಹೀಂಗ ಹೇಳಿಕೆ ಕೊಟ್ಟ. ಮ್ಯಾನೇಜರ್ ವಿದ್ಯಾವತಿ ಮೇಡಂ ಬರಕೊಂಡ್ರು. ಕಳದದ್ದು ದೌಲಪ್ಪನ ಆಧ್ಯಾತ್ಮಿಕ ಉತ್ಸಾಹ. ಡ್ಯೂಟಿ ಟೈಮಿನಾಗ ಅದು ನಿಗಮದ ಆಸ್ತಿ.

ಈ ಬಗ್ಗೆ ಸುತ್ತೋಲೆ ಸ್ಪಷ್ಟ ಇತ್ತು: "ಎಲ್ಲ ನೌಕರರು ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಒಂದು ವಚನ ಪಠಿಸತಕ್ಕದ್ದು. ಉಂಟಾದ ಉತ್ಸಾಹವನ್ನು ಶನಿವಾರ ಸಂಜೆ ಐದೂವರೆಯವರೆಗೆ ಕುಂದದಂತೆ ಕಾಪಾಡಿ, ವಹಿಯಲ್ಲಿ ದಾಖಲಿಸತಕ್ಕದ್ದು. ಅನ್ಯಧರ್ಮೀಯರು ತಮ್ಮ ಗ್ರಂಥ ಬಳಸಬಹುದು. ಉತ್ಸಾಹದ ಪ್ರಮಾಣ ಮಾತ್ರ ಒಂದೇ ಇರತಕ್ಕದ್ದು."

ಉಳಿದವರು ನಿಯಮ ಚಂದಾಗಿ ಪಾಲಿಸಾಕತ್ತಿದ್ರು. ಬಾಜು ಟೇಬಲ್ಲಿನ ದೇವೀಂದ್ರಪ್ಪ ಸೋಮವಾರನೇ ಆರೂ ವಚನ ಒಂದೇ ಉಸಿರಿಗೆ ಓದಿ, ಆರೂ ದಿನಕ್ಕ "ಉತ್ಸಾಹ ಸ್ಥಿರ" ಅಂತ ಬರದು ಸಹಿ ಹಾಕಿ ಚಹಾಕ್ಕ ಹೋಗ್ತಿದ್ದ. ದೌಲಪ್ಪಗ ಮಾತ್ರ ವಹಿಯಾಗ ಖರೇ ಬರಿಯೋ ಹಳೇ ಚಟ. ಆ ಬುಧವಾರ "ಇವತ್ತು ಇಲ್ಲ" ಅಂತ ಬರದುಬಿಟ್ಟಿದ್ದ.

"ಅಣ್ಣಾ, ತಲಿ ಕೆಟ್ಟದೇನು?" ಅಂದ ದೇವೀಂದ್ರಪ್ಪ. "ಎರಡು ವರ್ಷದಿಂದ ಕಲಬುರಗಿ ಟ್ರಾನ್ಸಫರ್ ಸಲುವಾಗಿ ಅರ್ಜಿ ಹಾಕಿ ಕುಂತಿ. ಈಗ ಯಾರ್ ಕೊಡ್ತಾರ ನಿನಗ?"

ದೌಲಪ್ಪಗೂ ಅದೇ ಅಂಜಿಕಿ. ಕಲಬುರಗಿ ಮನಿಯಿಂದ ಹೋಗಾಕ ಎರಡು ಬಸ್, ಬರಾಕ ಎರಡು ಬಸ್; ಸೊಂಟ ಸೋತು ಹೋಗಿತ್ತು.

ಹದಿನೈದು ದಿನಕ್ಕ ಹೆಡ್ ಆಫೀಸಿನಿಂದ ಆದೇಶ ಬಂತು: "ಎಲ್ಲ ಶಾಖೆಗಳಿಂದ ನೂರಕ್ಕೆ ನೂರು ಉತ್ಸಾಹ ವರದಿಯಾಗುತ್ತಿರುವುದಕ್ಕೆ ಆಡಿಟ್ ವಿಭಾಗ ಆಕ್ಷೇಪಿಸಿತ್ತು. ಕಮಲಾಪುರದ ಒಂದು ಕುಂದುವಿಕೆಯಿಂದ ಉಳಿದೆಲ್ಲ ಉತ್ಸಾಹ ನೈಜವೆಂದು ರುಜುವಾತಾಗಿದೆ. ಆದ್ದರಿಂದ ಶ್ರೀ ದೌಲಪ್ಪ ಅವರು ಪ್ರತಿ ಬುಧವಾರ ನಿಗಮದ ಪರವಾಗಿ ನಿರುತ್ಸಾಹದಿಂದಿರತಕ್ಕದ್ದು. ಹನ್ನೆರಡು ಬುಧವಾರ ತೃಪ್ತಿಕರವಾಗಿ ಕುಂದಿದಲ್ಲಿ, ಮಾನವೀಯ ನೆಲೆಯಲ್ಲಿ ಕಲಬುರಗಿಗೆ ವರ್ಗಾವಣೆ ನೀಡಲಾಗುವುದು."

ಬುಧವಾರಕ್ಕೊಮ್ಮೆ ದೌಲಪ್ಪನ ಕುರ್ಚಿ ಕಿಟಕಿ ಕಡಿ ಸರೀತು. ನಿರುತ್ಸಾಹಿ ಕೈಯಾಗ ಫೈಲ್ ಕೊಡಬಾರದು ಅಂತ ಮೇಡಂ ತಾಕೀತು ಮಾಡಿದ್ರು.

ದೇವೀಂದ್ರಪ್ಪಗ ಹೊಟ್ಟಿ ಉರೀತು. "ನನಗರ ಶುಕ್ರವಾರ ಕೊಡಸ್ರಿ ಮೇಡಂ. ನಮ್ಮ ಮನಿತನದಾಗೇ ನಿರುತ್ಸಾಹ ಅದ."

"ಮಂಜೂರಾಗಿದ್ದು ಒಂದೇ ಹುದ್ದೆ ರೀ. ಮುಂದ ಖಾಲಿ ಆದ್ರ ಸೀನಿಯಾರಿಟಿ ನೋಡೋಣು."

ಒಂಬತ್ತು ಬುಧವಾರ ದೌಲಪ್ಪ ಮಾದರಿಯಾಗಿ ಕುಂದಿದ. ಹತ್ತನೇದಕ್ಕ ಅನಾಹುತ ಆತು. ಮಾಡಾಕ ಕೆಲಸ ಇಲ್ಲ, ಕೈಯಾಗ ವಚನದ ಪುಸ್ತಕ. ಮುಂಜಾನೆ ಗಡಿಬಿಡಿಯಾಗ ಓದಿದ್ದನ್ನೇ ಸಾವಕಾಶ ಮತ್ತೊಮ್ಮೆ ಓದಿದ. ಮೂರನೇ ಸಲಕ್ಕ ಅರ್ಥ ಆತು. ನಾಕನೇ ಸಲಕ್ಕ ಎದಿ ಹಗುರಾಗಿ, ಮುಖದ ಮ್ಯಾಗ ನಗಿ ಬಂದುಬಿಡ್ತು. ಒಳಗ ನೂಕಿದ್ರೂ ಹೋಗವಲ್ದು.

ಮೇಡಂ ಕನ್ನಡಕ ಇಳಿಸಿ ನೋಡಿದ್ರು. "ದೌಲಪ್ಪ, ಏನ್ರಿ ಅದು?"

"ಹಲ್ಲು ನೋಯಾಕತ್ತಾವ್ರಿ."

"ಎಲ್ಲಾನೂ?"

"ಹೂಂ ರೀ."

ಮೇಡಂ ಪೆನ್ನು ತಗೊಂಡು, "ಹಲ್ಲುನೋವು: ನಿರುತ್ಸಾಹಕ್ಕೆ ಪೂರಕ" ಅಂತ ವಹಿಯಾಗ ಬರದ್ರು. ಆಮ್ಯಾಲ ಮೆತ್ತಗ ಅಂದ್ರು, "ಇನ್ನ ಎರಡೇ ವಾರ. ತಡಕೊಳ್ರಿ."

ದೇವೀಂದ್ರಪ್ಪ ಹೊಟ್ಟಿಕಿಚ್ಚೆಲ್ಲ ಮರತು, ಐದೂವರಿ ತನಕ ದೌಲಪ್ಪನ ನಗಿಮುಖಕ್ಕ ಒಂದು ಫೈಲ್ ಅಡ್ಡ ಹಿಡದು ನಿಂತ. ಶಾಖೆಯ ಮರ್ಯಾದಿ ಪ್ರಶ್ನೆ ಅದು. ದೌಲಪ್ಪ ಗಲ್ಲಕ್ಕ ಕರ್ಚೀಫು ಕಟ್ಟಿಕೊಂಡು ಎರಡೂ ಬಸ್ಸಿನಾಗ ಕಿಟಕಿ ಕಡಿ ಮುಖ ಮಾಡಿ ಬಂದ.

ಮನಿಯಾಗ ಹೆಂಡತಿ ಚಂದಮ್ಮ ರೊಟ್ಟಿ ಬಡಿಯಾಕತ್ತಿದ್ಲು. ಕರ್ಚೀಫು ಬಿಚ್ಚಿ ಎಲ್ಲಾ ಹೇಳಿದ. ಆಕಿ ಬಡಿಯೋದು ನಿಲ್ಲಿಸದೇ ಅಂದ್ಲು:

"ಇನ್ನ ಎರಡು ಬುಧವಾರ ಆ ಪುಸ್ತಕ ಮನ್ಯಾಗೇ ಇಟ್ಟು ಹೋಗ್ರಿ. ದೇವ್ರು ಎಲ್ಲಿಗೂ ಹೋಗಂಗಿಲ್ಲ, ಟ್ರಾನ್ಸಫರ್ ಹೋಗ್ತದ."