ಉಪವಾಸದ ಮೀನು

ಬಂಟ್ವಾಳದ ಅಬ್ದುಲ್ ಸಮದರ ಮನೆಗೆ ಬೆರಳುದ್ದ ಇದ್ದಾಗ ಬಂದ ಆಸ್ಕರ್ ಮೀನು ಎರಡು ವರ್ಷದಲ್ಲಿ ಚಪ್ಪಲಿಯಷ್ಟಾಗಿ, ಗಾಜಿನ ತೊಟ್ಟಿಯಲ್ಲಿ ಜೊತೆಗಿದ್ದ ಹನ್ನೊಂದು ಮೀನುಗಳನ್ನೂ ನುಂಗಿ ಮುಗಿಸಿತ್ತು. ಮೊನ್ನೆ ಅದು ಬಾಲ ಬೀಸಿದ ಹೊಡೆತಕ್ಕೆ ನೀರೆಲ್ಲ ಹೆಂಡತಿ ಸಫಿಯಮ್ಮ ಮಡಚಿಟ್ಟ ಬಟ್ಟೆಯ ಮೇಲೆ ಬಿತ್ತು.

"ಸೋಮವಾರ ಸಂಜೆಗೆ ಅದು ಈ ಮನೆಯಲ್ಲಿರಬಾರದು. ಇದ್ದರೆ ತೊಟ್ಟಿಯೊಟ್ಟಿಗೆ ನೀವೂ ಜಗಲಿಗೆ," ಎಂದರು ಆಕೆ.

"ಹೊಳೆಗೆ ಬಿಡಿ ಮಾರಾಯ್ರೆ," ಎಂದ ಪಕ್ಕದ ಮನೆಯ ನವಾಝ್.

"ಹೊಳೆಯ ಮರಿಗಳನ್ನೆಲ್ಲ ತಿಂದೀತು. ತಂದದ್ದು ನಾನು, ಶಿಕ್ಷೆ ಹೊಳೆಗಾ?" ಎಂದರು ಸಮದ್.

ಕೊನೆಗೆ ಮೂಡುಬಿದಿರೆಯ ಹಳೆಯ ಪರಿಚಯದ ವಿಜಯರಾಜರಿಗೆ ಫೋನ್ ಮಾಡಿದರು. ಅವರ ಅಂಗಳದಲ್ಲಿ ದೊಡ್ಡ ಸಿಮೆಂಟ್ ತೊಟ್ಟಿಯಿತ್ತು. ಇರುವೆಯನ್ನೂ ತುಳಿಯದೆ ಬಳಸಿ ನಡೆಯುವ ಜೈನರ ಮನೆ; ಒಂದು ಜೀವಕ್ಕೆ ಇದಕ್ಕಿಂತ ಭದ್ರ ಜಾಗ ಬೇರೆಲ್ಲಿ?

"ತನ್ನಿ, ನೋಡುವ. ನಮಗೂ ನಿಮ್ಮಲ್ಲಿ ಒಂದು ಕೆಲಸ ಉಂಟು," ಎಂದರು ವಿಜಯರಾಜ.

ಮೀನು ಸಾಗಿಸುವುದಕ್ಕೂ ಒಂದು ಕ್ರಮವಿದೆ. ಹಿಂದಿನ ದಿನ ತಿನ್ನಲು ಕೊಡಬಾರದು. ಕೊಟ್ಟರೆ ದಾರಿಯಲ್ಲಿ ನೀರು ಕೆಡುತ್ತದೆ. ಸಮದ್ ಮೀನನ್ನು ಒಂದು ದಿನ ಉಪವಾಸ ಕೆಡವಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸ್ವಲ್ಪ ನೀರು, ಮೇಲೆ ಆಮ್ಲಜನಕ ತುಂಬಿಸಿ, ರಬ್ಬರ್ ಬ್ಯಾಂಡು ಬಿಗಿದು ಬಸ್ಸು ಹತ್ತಿದರು.

ಪಕ್ಕದ ಸೀಟಿನಲ್ಲಿ ಖತೀಜಮ್ಮ ಎಂಬ ಹಣ್ಣುಹಣ್ಣು ಮುದುಕಿ. ಸಿದ್ಧಕಟ್ಟೆ ಹತ್ತಿರ ಸಮದರಿಗೆ ಸಣ್ಣ ತೂಕಡಿಕೆ. ಕಣ್ಣು ಬಿಡುವಾಗ ಆಕೆ ಬ್ಯಾಂಡು ಬಿಚ್ಚಿಯಾಗಿತ್ತು. ಗಾಳಿ ಬುಸ್ಸೆಂದು ಹೋಯಿತು.

"ಉಮ್ಮಾ, ಏನು ಮಾಡಿದ್ರಿ!"

"ಬಾಯಿ ಕಟ್ಟಿದ್ರೆ ಅದು ಉಸಿರಾಡುವುದು ಹೇಗೆ ಮೋನೆ? ನಿನ್ನ ಮೂಗಿಗೆ ರಬ್ಬರ್ ಹಾಕಿದ್ರೆ ಆಗ್ತದಾ?" ಎನ್ನುತ್ತ ಆಕೆ ಬಿಸ್ಕತ್ತಿನ ಒಂದು ತುಂಡನ್ನೂ ಒಳಗೆ ಹಾಕಿದರು. "ಪಾಪ, ಹಸಿದದ್ದು ಮುಖದಲ್ಲಿ ಕಾಣ್ತದೆ."

ಇನ್ನು ಗಾಳಿ ಬೆರೆಯುವ ಹಾಗೆ ನೀರು ಕುಲುಕುತ್ತಿದ್ದರೆ ಮಾತ್ರ ಮೀನು ಉಳಿದೀತು. ಸಮದ್ ಬಿಸ್ಕತ್ತನ್ನು ಬೆರಳಲ್ಲಿ ಹೆಕ್ಕಿ ತೆಗೆದು, ಮೂಡುಬಿದಿರೆಯವರೆಗೂ ಚೀಲವನ್ನು ತೊಟ್ಟಿಲಿನಂತೆ ತೂಗಿದರು.

"ಮಗು ಮಲಗಿತಾ ಕಾಕಾ?" ಎಂದು ಕಂಡಕ್ಟರ್ ಲೋಕಯ್ಯ ಕೇಳಿದಾಗ ಬಸ್ಸಿಗೆ ಬಸ್ಸೇ ನಕ್ಕಿತು. ಸಮದರ ಅಂಗಿ ಹೊಟ್ಟೆಯವರೆಗೆ ಒದ್ದೆ.

ಅಂತೂ ಮೀನು ಜೀವಂತ ತಲುಪಿತು. ವಿಜಯರಾಜರ ಹೆಂಡತಿ ಅನಂತಮತಿ ಕೈಮುಗಿದರು. "ನಿನ್ನೆಯಿಂದ ಏನೂ ತಿಂದಿಲ್ವಾ? ನಮ್ಮ ಹಾಗೆಯೇ ಉಪವಾಸ! ಪಾರಣೆಗೆ ಏನು ಕೊಡುವ? ಅವಲಕ್ಕಿ ಆಗ್ತದಾ?"

ಸಮದ್ ಬಾಯಿ ತೆರೆದು ಮುಚ್ಚಿದರು, ಥೇಟು ಚೀಲದೊಳಗಿನ ಮೀನಿನ ಹಾಗೆ. ಗಾಳಿ, ನೀರು, ದಾರಿ ಎಲ್ಲ ಯೋಚಿಸಿದ್ದರು. ಉಪವಾಸದಲ್ಲಿದ್ದ ಮೀನಿನ ಊಟ ಮಾತ್ರ ನೆನಪಿಗೆ ಬಂದಿರಲಿಲ್ಲ.

"ಸಿಗಡಿ," ಎಂದರು ಮೆಲ್ಲಗೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ವಿಜಯರಾಜ ಒಳಗೆ ಹೋಗಿ ಒಂದು ಬಕೆಟ್ ತಂದಿಟ್ಟರು. ಅದರಲ್ಲಿ ಇನ್ನೊಂದು ಆಸ್ಕರ್!

"ನಿಮ್ಮದು ಬೇರೆ ಬಗೆ ಅಂದುಕೊಂಡಿದ್ದೆವು. ಇದು ಮಗಳು ತ್ರಿಶಾಳಿಗೆ ಯಾರೋ ಉಡುಗೊರೆ ಕೊಟ್ಟದ್ದು. ಮೀನಿಗೆ ಹಾಕುವ ಡಬ್ಬಿಯ ಕಾಳಿನಲ್ಲಿ ಮೀನಿನದ್ದೇ ಹುಡಿ ಉಂಟು ಅಂತ ಗೊತ್ತಾದ ಮೇಲೆ ನಾವು ಹಾಕುವುದಿಲ್ಲ. ಅವಲಕ್ಕಿ ಇದು ಮುಟ್ಟುವುದಿಲ್ಲ. ನಿಮ್ಮಲ್ಲಿ ಹೇಗೂ ಸಿಗಡಿ ಉಂಟಲ್ಲ, ಎರಡನ್ನೂ ಒಟ್ಟಿಗೆ ಕೊಂಡುಹೋಗಿ."

ಸಮದರಿಗೆ ಸಫಿಯಮ್ಮನ ಮುಖ ಕಣ್ಣೆದುರು ಬಂತು. "ಹಾಗೆಲ್ಲ ಆಗುವುದಿಲ್ಲ. ಸಾಗಿಸುವ ಮೊದಲು ಒಂದು ದಿನ ಪೂರ್ತಿ ಉಪವಾಸ ಇರಬೇಕು," ಎಂದರು ಅವಸರವಾಗಿ.

"ಅದರ ಚಿಂತೆ ಬೇಡ," ಎಂದರು ಅನಂತಮತಿ, ಹೊಸ ರಬ್ಬರ್ ಬ್ಯಾಂಡು ಹುಡುಕುತ್ತ. "ನಮ್ಮದು ನಾಲ್ಕು ದಿನದಿಂದ ಏನೂ ತಿಂದಿಲ್ಲ. ಹೊರಡಲಿಕ್ಕೆ ತಯಾರಾಗಿಯೇ ಉಂಟು."