ಶಾಲೆಯ ಅಸ್ಥಿಪಂಜರಕ್ಕೆ ಹೆಣ್ಣು ಕೊಟ್ಟದ್ದು

ಮೇಷ್ಟ್ರುಗಳಿಗೆ ಒಂದು ರೋಗವಿದೆ. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳದೆ ಇರಲು ಅವರಿಂದ ಆಗುವುದಿಲ್ಲ. ದಾರಿಯಲ್ಲಿ ಸಿಕ್ಕಿದವರು "ಎಂತ ಮಾಸ್ಟ್ರೇ, ಸೆಕೆ ಅಲ್ವಾ?" ಎಂದರೆ ಉಳಿದವರು "ಹೌದು ಮಾರಾಯ" ಎಂದು ಮುಂದೆ ಹೋಗುತ್ತಾರೆ. ನಾನಾದರೋ ಕೊಡೆ ಊರಿ ನಿಂತು, ಕಡಲ ಗಾಳಿ ಯಾವಾಗ ಬೀಸುತ್ತದೆ, ಯಾವಾಗ ನಿಲ್ಲುತ್ತದೆ ಎಂದು ವಿವರಿಸತೊಡಗುತ್ತೇನೆ. ಇದರಿಂದ ಜೆಪ್ಪುವಿನಲ್ಲಿ ನನ್ನನ್ನು ಕಂಡರೆ ಅಡ್ಡದಾರಿ ಹಿಡಿಯುವವರು ಹೆಚ್ಚಾದರು. ಅದು ಹೋಗಲಿ, ಇದೇ ರೋಗದಿಂದಾಗಿ ನನಗೆ ಒಬ್ಬ ಭಾವನೂ ದೊರೆತ.

ನಾನು ಆಗ ಶಾಲೆಯಲ್ಲಿ ಶರೀರಶಾಸ್ತ್ರ ಕಲಿಸುತ್ತಿದ್ದೆ. ಪಾಠಕ್ಕೆಂದು ಮದರಾಸಿನಿಂದ ಪೆಟ್ಟಿಗೆಯಲ್ಲಿ ಒಂದು ಅಸ್ಥಿಪಂಜರ ಬಂದಿತ್ತು. ನಿಜವಾದ ಎಲುಬುಗಳು, ತಂತಿಯಲ್ಲಿ ಪೋಣಿಸಿದ್ದು, ತಲೆಬುರುಡೆಯ ಮೇಲೆ ತೂಗುಹಾಕಲು ಒಂದು ಕೊಕ್ಕೆ. ಮಳೆಗಾಲ ಹಿಡಿದದ್ದೇ ಉಗ್ರಾಣದ ಹಂಚು ಒಡೆದು ನೀರು ಸೋರಿತು. ನಮ್ಮ ಹೆಡ್‌ಮಾಸ್ಟರ್ ಲಾಜರಸ್ ಮಾಸ್ಟ್ರು ನನ್ನನ್ನು ಕರೆದು, "ಮಳೆ ಬಿಡುವವರೆಗೆ ಇವನನ್ನು ನಿಮ್ಮ ಮನೆಯಲ್ಲಿ ಇಟ್ಕೊಳ್ಳಿ. ತಿನ್ಲಿಕ್ಕೆ ಕೇಳುವ ಜನ ಅಲ್ಲ" ಎಂದರು. ಪೆಟ್ಟಿಗೆ ಪೂರಾ ನೆನೆದು ಹೋಗಿದ್ದರಿಂದ ಅವನನ್ನು ಚಾಪೆಯಲ್ಲಿ ಸುತ್ತಿ ಜಟ್ಕಾದಲ್ಲಿ ತಂದು ಚಾವಡಿಯ ಕುರ್ಚಿಯಲ್ಲಿ ಕೂರಿಸಿದೆ. ನನ್ನ ಹೆಂಡತಿ ಗಿರಿಜೆ ಕೂಡಲೇ ತವರಿಗೆ ಹೊರಟಳು. ತವರು ಉಳ್ಳಾಲದಲ್ಲಿ, ಹೊಳೆ ತುಂಬಿ ಹರಿಯುತ್ತಿತ್ತು. ದೋಣಿಯ ಹೆದರಿಕೆ ಎಲುಬಿನ ಹೆದರಿಕೆಗಿಂತ ದೊಡ್ಡದಾಗಿದ್ದರಿಂದ ಅರ್ಧ ದಾರಿಯಿಂದ ತಿರುಗಿ ಬಂದು ಹಿತ್ತಲ ಬಾಗಿಲಿನಿಂದ ಒಳಗೆ ಸೇರಿದಳು.

ಅಮ್ಮ ಮಾತ್ರ ಹೆದರಲಿಲ್ಲ. ಎಲೆಯಡಿಕೆಯ ತಟ್ಟೆ ಹಿಡಿದುಕೊಂಡು ಬಂದು ಅವನ ಎದುರಿಗೇ ಕೂತಳು. ಬಹಳ ಹೊತ್ತು ನೋಡಿ, "ಇದು ಗಂಡಾ, ಹೆಣ್ಣಾ?" ಎಂದು ಕೇಳಿದಳು. ಅಷ್ಟೇ ಸಾಕಾಯಿತು ನನಗೆ. ಹೆಣ್ಣಿಗೆ ಹೆರಿಗೆಯ ಸಲುವಾಗಿ ಸೊಂಟದ ಎಲುಬು ಅಗಲ, ಇದು ಕಿರಿದು, ಆದ್ದರಿಂದ ಗಂಡು ಎಂದೆ. "ಪ್ರಾಯ?" ಎಂದಳು. ಬೆಳೆಯುವ ವಯಸ್ಸಿನಲ್ಲಿ ಉದ್ದ ಎಲುಬುಗಳ ತುದಿ ಬೇರೆಯಾಗಿಯೇ ಇದ್ದು, ಬೆಳವಣಿಗೆ ಮುಗಿದ ಮೇಲೆ ಕೂಡಿಕೊಳ್ಳುತ್ತದೆ; ಇವನ ತೊಡೆಯ ಎಲುಬು ಕೂಡಿದೆ, ಕೊರಳಿನ ಹತ್ತಿರದ ಎಲುಬಿನ ತುದಿ ಇನ್ನೂ ಪೂರ್ತಿ ಕೂಡಿಲ್ಲ, ಹಾಗಾಗಿ ಇಪ್ಪತ್ತೈದರ ಒಳಗೆ ಎಂದೆ. ಹಲ್ಲು ತೋರಿಸಿದೆ, ಒಂದೂ ಹುಳುಕಿಲ್ಲ. ಮೊಣಕೈ ಬಾಗಿಲಿನ ತಿರುಗಣಿಯ ಹಾಗೆ ಒಂದೇ ಕಡೆಗೆ ಮಡಚುವುದನ್ನೂ, ಭುಜ ಮಾತ್ರ ಗುಂಡು ತುದಿಯ ದೆಸೆಯಿಂದ ಎತ್ತ ಬೇಕಾದರೂ ತಿರುಗುವುದನ್ನೂ ಆಡಿಸಿ ತೋರಿಸಿದೆ. ಶಾಲೆಯಲ್ಲಿ ಯಾರೂ ನನ್ನ ಪಾಠವನ್ನು ಇಷ್ಟು ಶ್ರದ್ಧೆಯಿಂದ ಕೇಳಿದ್ದಿಲ್ಲ. ನಾನು ಉಬ್ಬಿಹೋದೆ.

"ಕೈಕಾಲು ಗಟ್ಟಿ ಉಂಟು, ಹಲ್ಲು ಒಳ್ಳೆದುಂಟು," ಎಂದು ಅಮ್ಮ ಎಲೆಗೆ ಸುಣ್ಣ ಸವರಿದಳು. "ನಮ್ಮ ಕಮಲಳಿಗೆ ಆಗ್ಬಹುದು."

ನನ್ನ ಕೈಯಲ್ಲಿದ್ದ ಅವನ ಕೈ ಜಾರಿ ಬಿತ್ತು. ಕಮಲ ನನ್ನ ತಂಗಿ, ಸಣ್ಣವಳಿರುವಾಗ ಜ್ವರದಲ್ಲಿ ತೀರಿಹೋದವಳು. ನಮ್ಮ ತುಳುವರಲ್ಲಿ ಸತ್ತ ಮಕ್ಕಳೂ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ಅವರಿಗೂ ಮದುವೆ ಆಗಬೇಕು. ಬದುಕಿರುವವರಿಗೆ ಮುಹೂರ್ತವಿಲ್ಲದ ಆಟಿ ತಿಂಗಳಲ್ಲಿ, ಹೀಗೆಯೇ ತೀರಿಕೊಂಡ ಹುಡುಗನೊಬ್ಬನನ್ನು ಹುಡುಕಿ, ಎರಡು ಮನೆಯವರು ಸೇರಿ ಮಾಡಿಸುತ್ತಾರೆ. ಅಮ್ಮ ವರ್ಷ ವರ್ಷ ಹುಡುಕುತ್ತಿದ್ದಳು. ಕೊಟ್ಟಾರದಲ್ಲಿ ಒಬ್ಬ ಸಿಕ್ಕಿದ್ದ, ಅವನದೂ ನಮ್ಮದೂ ಒಂದೇ ಬಳಿಯಾಗಿಬಿಟ್ಟಿತು. ಬಳಿ ಎಂದರೆ ತಾಯಿಯ ಕಡೆಯ ಕುಲ; ಒಂದೇ ಬಳಿಯವರು ಅಣ್ಣತಂಗಿಯರಲ್ಲವೇ? ಇನ್ನೊಂದು ಮನೆಯವರು ತಮ್ಮ ಹುಡುಗನಿಗೆ ಇನ್ನೂ ಪ್ರಾಯವಾಗಿಲ್ಲ ಎಂದರು. ಅವನು ಸತ್ತದ್ದು ನಾನು ಹುಟ್ಟುವ ಮೊದಲು!

ನಾನು ಸಂಬಂಧ ಮುರಿಯಲು ನೋಡಿದೆ. ಬಳಿ ಗೊತ್ತಿಲ್ಲ ಎಂದೆ. "ಗೊತ್ತಿಲ್ಲದಿದ್ದರೆ ಒಂದೇ ಅಂತ ಯಾರು ಹೇಳುದು?" ಎಂದಳು. ಜಾತಿ ಗೊತ್ತಿಲ್ಲ ಎಂದೆ. "ನೀನೇ ಎಲ್ಲ ನೋಡಿ ಹೇಳಿದಿಯಲ್ಲ, ಜಾತಿ ಯಾವ ಎಲುಬಿನಲ್ಲಿ ಉಂಟು, ತೋರಿಸು" ಎಂದಳು. ನಾನು ಇನ್ನೂರಾರು ಎಲುಬುಗಳನ್ನೂ ಮನಸ್ಸಿನಲ್ಲೇ ಒಮ್ಮೆ ಸುತ್ತಿ ಬಂದೆ, ಎಲ್ಲಿಯೂ ಸಿಗಲಿಲ್ಲ. ಕೊನೆಗೆ, ಬೆನ್ನುಮೂಳೆ ಸ್ವಲ್ಪ ಎಡಕ್ಕೆ ವಾಲಿದೆ ಎಂಬ ದೋಷ ತೆಗೆದೆ.

"ನಿನ್ನದು ನೆಟ್ಟಗೆ ಉಂಟಾ? ಗಿರಿಜೆ ಒಪ್ಪಲಿಲ್ವಾ?" ಎಂದು ಅಮ್ಮ ಕೇಳಿದಳು. ಒಳಗಿನಿಂದ ಗಿರಿಜೆ ಕೆಮ್ಮಿದಳು. ಆಮೇಲೆ ಅಮ್ಮ ದನಿ ತಗ್ಗಿಸಿ, "ನಾನು ಹೋದ ಮೇಲೆ ಅವಳಿಗೆ ಯಾರುಂಟು ಮಗಾ?" ಎಂದಳು. ಜಾರಿ ಬಿದ್ದಿದ್ದ ಅವನ ಕೈಯನ್ನು ಎತ್ತಿ ಅವನ ತೊಡೆಯ ಮೇಲೆ ನೆಟ್ಟಗೆ ಇಟ್ಟೆ.

ಗಂಡಿನ ಕಡೆಯವರು ಯಾರು ಎಂಬುದೊಂದೇ ಉಳಿಯಿತು. ಅಮ್ಮ ಸೀದಾ ಲಾಜರಸ್ ಮಾಸ್ಟ್ರ ಮನೆಗೆ ಹೋದಳು. ಅವರು ಎಲ್ಲವನ್ನೂ ಕೇಳಿ ಕನ್ನಡಕ ಒರೆಸಿಕೊಂಡು, "ಶಾಲೆಯ ಸಾಮಾನಿಗೆ ಮದುವೆ ಮಾಡ್ಬಾರದು ಅಂತ ಯಾವ ರೂಲಿನಲ್ಲಿಯೂ ಇಲ್ಲ. ನಾನು ಬರ್ತೇನೆ, ವೀಳ್ಯ ತಗೊಳ್ತೇನೆ, ಊಟ ಸಹ ಮಾಡ್ತೇನೆ. ಕೈಮುಗಿಲಿಕ್ಕೆ ಮಾತ್ರ ಹೇಳ್ಬೇಡಿ" ಎಂದರಂತೆ. ಹಾಗೆಯೇ ಕೋಟು ಹಾಕಿಕೊಂಡು ಬಂದರು. ಕುರ್ಚಿಯ ಮೇಲೆ ಅವನು, ಪಕ್ಕದ ಮಣೆಯ ಮೇಲೆ ಹೊಸ ಸೀರೆ, ಕರಿಮಣಿ, ಬಳೆ. ಎರಡು ಎಲೆ ಹಾಕಿ ಕೋಳಿಸಾರು, ರೊಟ್ಟಿ ಬಡಿಸಿದೆವು. ಅಮ್ಮ ಅಂದು ಹೊಟ್ಟೆ ತುಂಬ ಉಂಡಳು. ಅವಳು ಹಾಗೆ ಉಂಡದ್ದನ್ನು ಕಂಡು ಎಷ್ಟು ಕಾಲವಾಗಿತ್ತೋ, ನನಗೆ ಸಂತೋಷವಾಯಿತು. ಅಳಿಯ ಊರಿನಲ್ಲೇ, ಮಗನ ಶಾಲೆಯಲ್ಲೇ ಇರುವವನು; ಮಗಳು ಕಣ್ಣೆದುರಿಗೇ ಇದ್ದ ಹಾಗೆ ಎಂದು ಗಿರಿಜೆಯ ಹತ್ತಿರ ಹೇಳುತ್ತಿದ್ದಳು.

ಮಳೆ ಬಿಟ್ಟಿತು, ಭಾವ ಶಾಲೆಗೆ ಹೋದ, ಹಿಂದೆಯೇ ಇನ್‌ಸ್ಪೆಕ್ಟರರು ಬಂದರು. ನನ್ನ ಪಾಠವನ್ನೇ ನೋಡಬೇಕೆಂದರು. ಬೆತ್ತ ಹಿಡಿದು ಪಕ್ಕೆಲುಬಿನತ್ತ ನೀಡಿದೆ, ಕೈ ಮುಂದೆ ಹೋಗಲಿಲ್ಲ. ತಂಗಿಯ ಗಂಡನ ಮೈಗೆ ಹುಡುಗರ ಎದುರು ಬೆತ್ತ ತಾಗಿಸುವುದು ಹೇಗೆ? ವಿಜ್ಞಾನ ಓದಿದವನು ನಾನು, ನಿಜ. ಆದರೆ ಅವನ ಮದುವೆಯಲ್ಲಿ ಬಡಿಸಿದವನೂ ನಾನೇ. ಕೋಟು ಕಳಚಿಟ್ಟು, ಅಂಗಿಯ ತೋಳು ಮಡಚಿ, ಮೊಣಕೈ, ಮಣಿಕಟ್ಟು, ಕೊರಳೆಲುಬು ಎಂದು ನನ್ನ ಮೈಯಲ್ಲೇ ತೋರಿಸುತ್ತ ಹೋದೆ. ಪಕ್ಕೆಲುಬಿಗೆ ಬಂದಾಗ ಅಂಗಿಯ ಗುಂಡಿ ಬಿಚ್ಚಿದೆ. ಉಸಿರು ಎಳೆದಂತೆ ಅವು ಮೇಲೆದ್ದು ಅಗಲವಾಗುವುದನ್ನು ಹಿಂದಿನ ಬೆಂಚಿನವರೂ ಒಂದೊಂದಾಗಿ ಎಣಿಸಿದರು.

ಇನ್‌ಸ್ಪೆಕ್ಟರರು ಅವನನ್ನು ನೋಡಿದರು, ನನ್ನನ್ನು ನೋಡಿದರು. "ಬಹಳ ಒಳ್ಳೆಯ ಪಾಠ" ಎಂದರು. ಹೆಡ್‌ಮಾಸ್ಟರರ ಕಡೆಗೆ ತಿರುಗಿ, "ಈ ಮೇಷ್ಟ್ರು ಇರುವಾಗ ನಿಮಗೆ ಇದು ಯಾಕೆ? ಕುಂದಾಪುರದ ಶಾಲೆಗೆ ಕಳಿಸಿಬಿಡಿ. ಅಲ್ಲಿಯ ಮೇಷ್ಟ್ರು ಬಹಳ ದಪ್ಪ, ಏನೂ ಕಾಣುವುದಿಲ್ಲ" ಎಂದರು. ಲಾಜರಸ್ ಮಾಸ್ಟ್ರು ಬೀಗರ ಕಡೆಯವರಾಗಿ ಒಂದೆರಡು ಮಾತು ಆಡಿ ನೋಡಿದರು, ನಡೆಯಲಿಲ್ಲ.

ಗಂಡನಿಗೆ ವರ್ಗವಾದರೆ ಹೆಂಡತಿ ಹೋಗಲೇಬೇಕಲ್ಲ. ಪೆಟ್ಟಿಗೆ ಬಸ್ಸಿಗೆ ಏರುವ ದಿನ ಅಮ್ಮ ಮದುವೆಯ ಸೀರೆಯನ್ನು ತಂದು ಅವನ ಮಗ್ಗುಲಲ್ಲಿ ಮಡಚಿಟ್ಟಳು, ಮೇಲೆ ಒಂದು ಹಿಡಿ ಮಲ್ಲಿಗೆ ಹಾಕಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ತಲೆಯಿಂದ ಪಾದದವರೆಗೆ ಒಮ್ಮೆ ಅಳೆದಳು.

"ನಿನ್ನ ಮೈಮೇಲೆ ಒಂದು ಹಿಡಿ ಮಾಂಸ ಇದ್ದಿದ್ದರೆ," ಎಂದಳು, "ನನ್ನ ಮಗಳು ಇದೇ ಊರಲ್ಲಿ ಇರ್ತಿದ್ದಳು."